ಗ್ರಾಮಸೇವೆಗೆ ತರುಣರನ್ನು ಕಳುಹಿಸುವ ಬಗೆ

 

ಮಠದ ಮಹೋತ್ಸವದಲ್ಲಿ ರಾಜಕಾರಣದ ಮಾತೇಕೆಂದು ಕೆಲವರಿಗೆ ತೋರಬಹುದು. ಊರಿನ ಕುಡಿಯುವ ನೀರು, ದಾರಿ, ದೀಪ, ಚರಂಡಿಗಳ ವಿಚಾರವು ಗ್ರಾಮ ಪಂಚಾಯಿತಿಗೆ ಸೇರಿದುದಾದ್ದರಿಂದ, ಅಲ್ಲಿ ಯಾರು ಕುಳಿತುಕೊಳ್ಳತಕ್ಕದ್ದೆಂಬುದು ಭಕ್ತರಾದ ನಮಗೂ ಸಂಬಂಧಪಟ್ಟ ಪ್ರಶ್ನೆಯೇ ಆಗಿದೆ.

ತರುಣರಿಗೆ ಅನುಭವ ಸಾಲದೆಂದು ಹಿರಿಯರು ಆಕ್ಷೇಪಿಸುವುದುಂಟು. ನೀರಿಗಿಳಿಯದೆ ಈಜು ಬರುವುದೆಂತು? ಪಂಚಾಯಿತಿ, ಪುರಸಭೆಗಳಿಗೆ 21 ವರ್ಷ, ವಿಧಾನಸಭೆಗೆ 25 ವರ್ಷ ತುಂಬಿದವರು ನಿಲ್ಲಬಹುದೆಂದು ನಮ್ಮ ಸಂವಿಧಾನವು ವಿಧಿಸಿದೆ. ಮೊದಲು ಊರು, ಬಳಿಕ ರಾಜ್ಯ, ಎಂಬ ಶಿಕ್ಷಣಕ್ರಮವೇ ಇದರಲ್ಲಡಗಿರುವಂತಿದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಚುನಾವಣೆಯು ಪಕ್ಷಗಳ ಚಿಹ್ನೆಯಿಲ್ಲದೆ ನಡೆಯುವುದರಿಂದ, ಪಕ್ಷದ ಬೆಂಬಲವಿಲ್ಲದ ಬಡವರ ಮಕ್ಕಳಿಗೂ ಈ ಬಾಗಿಲು ತೆರೆದಿದೆ. ವಯಸ್ಸಿನಲ್ಲಿ ಕಿರಿಯನಾದ ಚನ್ನಬಸವಣ್ಣನನ್ನು ಅರಿವಿನಲ್ಲಿ ಹಿರಿಯನೆಂದು ಮನ್ನಿಸಿದ ಶರಣರ ಪರಂಪರೆ ನಮ್ಮದಲ್ಲವೇ?

ತರುಣರೆಂದರೆ ಗಂಡುಮಕ್ಕಳಷ್ಟೇ ಅಲ್ಲ. ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ, 1983ನೆಯ ಇಸವಿಯ ಕಾಯಿದೆಯ ಪ್ರಕಾರ 1987ರಲ್ಲಿ ನಡೆದ ಚುನಾವಣೆಯಲ್ಲಿ ಸ್ತ್ರೀಯರಿಗೆ ನಾಲ್ಕರಲ್ಲೊಂದು ಪಾಲು ಸ್ಥಾನಗಳು ಮೀಸಲಾಗಿದ್ದವು. 2010ರಲ್ಲಿ ಅದು ಅರ್ಧಕ್ಕೇರಿತು. ಆದರೂ ಆರಿಸಿ ಬಂದ ಸೊಸೆಯನ್ನು ಮನೆಯಲ್ಲಿರಿಸಿ, ಮಗನು ಅವಳ ಕುರ್ಚಿಯಲ್ಲಿ ಕುಳಿತರೆ ಆ ಕಾಯಿದೆಯಿಂದ ಫಲವೇನು?

ಇನ್ನು ಎರಡು ದೋಷಗಳನ್ನು ನಾವು ದೂರವಿಡಬೇಕು. 2020ರ ಪಂಚಾಯಿತಿ ಚುನಾವಣೆಯ ಕಾಲದಲ್ಲಿ ಕೆಲವು ಊರುಗಳಲ್ಲಿ ಸದಸ್ಯಸ್ಥಾನಗಳನ್ನೇ ಹರಾಜಿಗಿಟ್ಟು, ಬಂದ ಹಣವನ್ನು ಗುಡಿಯ ಕೆಲಸಕ್ಕೆಂದು ಗೊತ್ತುಮಾಡಿದ ವಾರ್ತೆಯು ಪತ್ರಿಕೆಗಳಲ್ಲಿ ಬಂದಿತು. ದೇವರ ಹೆಸರು ಸೇರಿದ ಮಾತ್ರಕ್ಕೆ ಅಂಥ ವ್ಯಾಪಾರವು ದಾಸೋಹವಾಗಲಾರದು. ಹಣವಿದ್ದವನು ಸ್ಥಾನವನ್ನು ಕೊಂಡ ಕ್ಷಣವೇ ಯೋಗ್ಯನಾದ ಬಡ ತರುಣನಿಗೆ ಆ ಊರಿನ ಬಾಗಿಲು ಮುಚ್ಚಿತು. ಎರಡನೆಯದು, ಜಾತಿಯ ಹೆಸರಿನಲ್ಲಿ ಮತ ಕೇಳುವುದು. ಧರ್ಮ, ಜಾತಿಗಳನ್ನು ಮುಂದಿಟ್ಟು ಮತ ಯಾಚಿಸುವುದು ಭ್ರಷ್ಟ ಆಚರಣೆಯೆಂದು ಸರ್ವೋಚ್ಚ ನ್ಯಾಯಾಲಯವು 2017ನೆಯ ಇಸವಿಯ ಜನವರಿಯಲ್ಲಿ ತೀರ್ಪಿತ್ತಿದೆ. ನಮ್ಮವನೆಂಬ ಕಾರಣಕ್ಕೆ ಅಯೋಗ್ಯನನ್ನು ಎತ್ತಿ ಹಿಡಿದರೆ ಊರಿಗೆ ಕೇಡು, ಮಠಕ್ಕೆ ಅಪಕೀರ್ತಿ.

ಹಾಗಾದರೆ ನಾವು ಮಾಡತಕ್ಕುದೇನು? ಚುನಾವಣೆ ಬರುವವರೆಗೆ ಕಾಯದೆ, ಆಸಕ್ತರಾದ ತರುಣ ತರುಣಿಯರನ್ನು ಗ್ರಾಮಸಭೆಗೆ ಕರೆದುಕೊಂಡು ಹೋಗಿರಿ. ಪಂಚಾಯಿತಿಯ ಜಮಾಖರ್ಚನ್ನು ಓದಿ ಪ್ರಶ್ನಿಸುವುದನ್ನು ಕಲಿಸಿರಿ. ಯಾವ ಕುಲದವರಾದರೂ ಸರಿ, ನಡತೆ ಶುದ್ಧವಿದ್ದು ಕೆಲಸ ಬಲ್ಲವರನ್ನು ಗುರುತಿಸಿರಿ. ಠೇವಣಿಯ ಹಣವಿಲ್ಲದವರಿಗೆ ಹತ್ತು ಮಂದಿ ಕೂಡಿ ಕೊಡಿರಿ. ಕೊಟ್ಟುದಕ್ಕೆ ಲೆಕ್ಕವಿರಲಿ, ಪ್ರತಿಫಲದ ಆಸೆ ಬೇಡ. ಗೆದ್ದ ತರುಣನು ನ್ಯಾಯಕ್ಕಾಗಿ ನಿಮ್ಮ ಬಂಧುವಿನ ಕೋರಿಕೆಯನ್ನೇ ನಿರಾಕರಿಸಿದ ದಿನ ಅವನ ಬೆನ್ನಿಗೆ ನಿಲ್ಲಿರಿ. ಬೆಂಬಲದ ನಿಜವಾದ ಪರೀಕ್ಷೆ ಅಂದೇ.