ಪೊಟ್ಟಣದ ಮೇಲಿನ ಮಾತು ನಿಜವಾಗಿರಲಿ



2016ರ ಜುಲೈನಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ 15 ವರ್ಷದ ನತಾಶಾ ಎಡ್ನಾನ್-ಲಪರೂಸ್ ಒಂದು ಬ್ಯಾಗೆಟ್ ಕೊಂಡು ತಿಂದಳು. ಅವಳಿಗೆ ಎಳ್ಳು ಆಗುತ್ತಿರಲಿಲ್ಲ. ಎಳ್ಳು ಹಿಟ್ಟಿನೊಳಗೇ ಬೆರೆತಿತ್ತು. ಹೊದಿಕೆಯ ಮೇಲೆ ಅದರ ಸುಳಿವಿರಲಿಲ್ಲ. ಅದೇ ದಿನ ಅವಳು ತೀರಿಕೊಂಡಳು. ಅಂಗಡಿಯಲ್ಲೇ ತಯಾರಿಸಿ ಕಟ್ಟಿಟ್ಟ ತಿನಿಸಿಗೆ ಅಲರ್ಜಿಕಾರಕಗಳ ವಿವರ ಮುದ್ರಿಸಬೇಕಿಲ್ಲ ಎಂಬ ಸಡಿಲಿಕೆ ಆಗಿನ ಕಾನೂನಿನಲ್ಲಿತ್ತು. ಹೆತ್ತವರ ಹೋರಾಟದ ಫಲವಾಗಿ 2021ರ ಅಕ್ಟೋಬರ್ 1ರಿಂದ, ಆ ಸಡಿಲಿಕೆಯನ್ನು ತೆಗೆದ 'ನತಾಶಾ ಕಾನೂನು' ಜಾರಿಗೆ ಬಂತು.

ಆದರೆ ಕಾನೂನೊಂದೇ ಸಾಲದು. ಅಮೆರಿಕದಲ್ಲಿ ಅಲರ್ಜಿಕಾರಕಗಳನ್ನು ಹೆಸರಿಸಬೇಕೆಂಬ ನಿಯಮ 2006ರಿಂದ ಜಾರಿಯಲ್ಲಿದೆ. ಆದರೂ ಅಲ್ಲಿ ಆಹಾರವನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಲೇಬಲ್ ಹೇಳದ ಅಲರ್ಜಿಕಾರಕಗಳೇ ಪ್ರಮುಖ ಕಾರಣ. 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಹೀಗೆ ಹಿಂಪಡೆದ ಆಹಾರಗಳಲ್ಲಿ ಬೇಕರಿ ಪದಾರ್ಥಗಳೇ ಮುಂದಿದ್ದವು.

ಲೇಬಲ್ ಹೇಳದ್ದು ಪೊಟ್ಟಣದೊಳಗೆ ಸೇರುವುದು ಹೇಗೆ? ಗೋಡಂಬಿ ಬಿಸ್ಕತ್ತು ಸಾದಾ ಬಿಸ್ಕತ್ತಿನ ಪೊಟ್ಟಣಕ್ಕೆ ಬೀಳುತ್ತದೆ. ಸರಬರಾಜುದಾರ ಕೇಕ್ ಮಿಶ್ರಣಕ್ಕೆ ಹಾಲಿನ ಪುಡಿ ಸೇರಿಸುತ್ತಾನೆ, ಹಳೆಯ ಲೇಬಲ್ಲೇ ಮುಂದುವರಿಯುತ್ತದೆ. ಒಂದು ಪಾಳಿಯಲ್ಲಿ ಉಳಿದ ಹಿಟ್ಟು ಮುಂದಿನ ಪಾಳಿಯ ಹಿಟ್ಟಿಗೆ ಸೇರುತ್ತದೆ. ಒಣ ಹಿಟ್ಟು ಸಾಗುವ ಯಂತ್ರಗಳನ್ನು ನೀರು ಸುರಿದು ತೊಳೆಯುವುದೂ ಕಷ್ಟ; ತೇವ ಉಳಿದರೆ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಇವುಗಳಲ್ಲಿ ಹೆಚ್ಚಿನವು ಪ್ರಯೋಗಾಲಯ ತಲುಪುವ ಮೊದಲೇ, ದಾಸ್ತಾನು ಪುಸ್ತಕದಲ್ಲಿ ಮತ್ತು ಪ್ಯಾಕಿಂಗ್ ಮೇಜಿನ ಮೇಲೆ ತಡೆಯಬಹುದಾದ ತಪ್ಪುಗಳು.

ಇನ್ನೊಂದು ಅಪಾಯವೂ ಇದೆ. 2023ರ ಜನವರಿಯಿಂದ ಜಾರಿಯಾಗುವಂತೆ ಅಮೆರಿಕ ಎಳ್ಳನ್ನು 9ನೆಯ ಪ್ರಮುಖ ಅಲರ್ಜಿಕಾರಕವಾಗಿ ಸೇರಿಸಿತು. ಯಂತ್ರಗಳನ್ನು ಪೂರ್ತಿ ಶುಚಿಗೊಳಿಸುವ ಬದಲು ಕೆಲವು ತಯಾರಕರು ಬ್ರೆಡ್ಡಿಗೆ ಬೇಕೆಂದೇ ಎಳ್ಳಿನ ಹಿಟ್ಟು ಸೇರಿಸಿ, ಅದನ್ನು ಲೇಬಲ್ಲಿನಲ್ಲಿ ಮುದ್ರಿಸಿದರು. ಲೇಬಲ್ ನಿಜವಾಯಿತು, ಎಳ್ಳು ಆಗದವರು ನಿಶ್ಚಿಂತೆಯಿಂದ ತಿನ್ನುತ್ತಿದ್ದ ಬ್ರೆಡ್ ಕೈತಪ್ಪಿತು. ಯಾರಿಗಾಗಿ ಕಾನೂನು ಬಂತೋ ಅವರಿಗೇ ನಷ್ಟವಾಯಿತು.

ಭಾರತದ 2020ರ ಲೇಬಲಿಂಗ್ ನಿಯಮಗಳು ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಕಡಲೆಕಾಯಿ, ಸೋಯಾ ಮುಂತಾದವನ್ನು ಹೆಸರಿಸಿವೆ. ಎಳ್ಳು ಆ ಪಟ್ಟಿಯಲ್ಲಿಲ್ಲ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೀರುವ ನಾಡಿನ ವಿಜ್ಞಾನಿಗಳು ಈ ಪ್ರಶ್ನೆಯನ್ನು ಎತ್ತಲೇಬೇಕು. ಆಹಾರವನ್ನು ಮಾರುಕಟ್ಟೆಯಿಂದ ಹಿಂಪಡೆಯುವ ವಿಧಾನಕ್ಕೆ ನಮ್ಮಲ್ಲೂ 2017ರ ನಿಯಮಗಳಿವೆ. ಬೇಕರಿ ತಂತ್ರಜ್ಞಾನ ಕಲಿಸುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಮೈಸೂರಿನಲ್ಲೇ ಇದೆ. ಈ ಅರಿವು ಸಣ್ಣ ಬೇಕರಿಯ ಒಲೆಯ ತನಕ ಇಳಿಯಬೇಕು.

ಈ ಸಂಕಿರಣ ಮೂರು ಕೆಲಸ ಮಾಡಲಿ ಎಂಬುದು ನನ್ನ ಆಶಯ: ನಮ್ಮ ಜನರ ಅಲರ್ಜಿಗಳ ಅಧ್ಯಯನಕ್ಕೆ ದಾರಿ ತೋರಲಿ, ಸಣ್ಣ ಬೇಕರಿಗಳು ಪಾಲಿಸಬಲ್ಲ ಸರಳ ಕ್ರಮವನ್ನು ಕನ್ನಡದಲ್ಲಿ ರೂಪಿಸಲಿ, ಪ್ಯಾಕಿಂಗ್ ಕಾರ್ಮಿಕರ ತರಬೇತಿಯನ್ನು ಗುಣಮಟ್ಟದ ಮೊದಲ ಮೆಟ್ಟಿಲಾಗಿ ಕಾಣಲಿ. ಅಲರ್ಜಿ ಇರುವವರಿಗೆ ಮೊದಲ ರಕ್ಷಣೆ ಆ ಪದಾರ್ಥವನ್ನು ದೂರವಿಡುವುದೇ. ಅದಕ್ಕೆ ಬೇಕಾದ ಮಾಹಿತಿ ತಯಾರಕರ ಕೈಯಲ್ಲಿದೆ. ಅದನ್ನು ಪೂರ್ತಿಯಾಗಿ, ಪ್ರಾಮಾಣಿಕವಾಗಿ ಕೊಡುವುದು ವ್ಯಾಪಾರದ ಔದಾರ್ಯವಲ್ಲ, ತಿನ್ನುವವರ ಹಕ್ಕು. ಆ ಹಕ್ಕಿನ ಪರವಾಗಿ ನಿಮ್ಮ ಚರ್ಚೆ ಆರಂಭವಾಗಲಿ.