ರುಆನ್ ಊರಿನ ವಿಮಾ ಸಂಘದಿಂದ ಆಕ್ಸಾವರೆಗೆ

ಫ್ರಾನ್ಸಿನ ನಾರ್ಮಂಡಿಯಲ್ಲಿ ರುಆನ್ ಎಂಬ ಹಳೆಯ ಪಟ್ಟಣವಿದೆ. ಬೆಂಕಿಗೆ ಮನೆಮಠ ಕಳೆದುಕೊಂಡವರಿಗೆ ಉಳಿದವರು ವಂತಿಗೆಯಿಂದ ನೆರವಾಗುವ ಪರಸ್ಪರ ವಿಮಾ ಸಂಘವೊಂದು ಆ ಸೀಮೆಯಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಹುಟ್ಟಿತ್ತು. ಅದಕ್ಕೆ ಷೇರುದಾರರಿಲ್ಲ, ಪಾಲಿಸಿದಾರರೇ ಒಡೆಯರು. 1958ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದವರು ಕ್ಲೋದ್ ಬೆಬೆಯಾರ್.

1935ರಲ್ಲಿ ದೊರ್ದೋನ್ ಸೀಮೆಯ ಇಸ್ಸಾಕ್ ಎಂಬ ಹಳ್ಳಿಯಲ್ಲಿ, ಶಿಕ್ಷಕರ ಮನೆಯಲ್ಲಿ ಹುಟ್ಟಿದವರು ಇವರು. ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿದವರಿಗೆ ಸರ್ಕಾರದ ಉನ್ನತ ಹುದ್ದೆಗಳ ಬಾಗಿಲು ತೆರೆದೇ ಇತ್ತು. ಇವರು ಮಾತ್ರ ಸಹಪಾಠಿಯ ತಂದೆಯ ಕರೆಗೆ ಓಗೊಟ್ಟು ಪ್ರಾಂತೀಯ ಸಂಘವನ್ನು ಆರಿಸಿಕೊಂಡರು. ಕೆನಡಾದಲ್ಲಿ ಜೀವವಿಮೆಯ ಶಾಖೆ ಕಟ್ಟಿ ಬಂದು, 1975ರಲ್ಲಿ ಸಂಘದ ಮುಖ್ಯಸ್ಥರಾದರು.

ದೊಡ್ಡ ವಿಮಾ ಕಂಪನಿಗಳನ್ನು ಫ್ರೆಂಚ್ ಸರ್ಕಾರ 1946ರಲ್ಲೇ ರಾಷ್ಟ್ರೀಕರಿಸಿತ್ತು. ಖಾಸಗಿಯವರಿಗೆ ಉಳಿದ ಜಾಗ ಕಿರಿದು. 1981ರಲ್ಲಿ ಸಮಾಜವಾದಿಗಳು ಅಧಿಕಾರಕ್ಕೆ ಬಂದಾಗ ಉದ್ಯಮಿಗಳು ಹೆದರಿ ಕೈಕಟ್ಟಿ ಕೂತರು. ಬೆಬೆಯಾರ್ ಮರುವರ್ಷವೇ ಸಂಕಷ್ಟದಲ್ಲಿದ್ದ ದ್ರುಓ ವಿಮಾ ಕಂಪನಿಯನ್ನು ವಶಕ್ಕೆ ತೆಗೆದುಕೊಂಡರು. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ದೊಡ್ಡ ತಿರುವು ಇದೇ. ಬೇರೆಯವರು ಹಿಂಜರಿಯುವ ಹೊತ್ತಿನಲ್ಲಿ, ಸೋತ ಸಂಸ್ಥೆಯ ಒಳಗಿನ ಸತ್ತ್ವವನ್ನು ಗುರುತಿಸುವ ಕಣ್ಣು ಅವರಿಗಿತ್ತು. 1985ರಲ್ಲಿ ಇಡೀ ಸಮೂಹಕ್ಕೆ ಆಕ್ಸಾ ಎಂದು ಹೆಸರಿಟ್ಟರು.

ಅಮೆರಿಕದ ಕಥೆಯೂ ಇಂಥದೇ. 1859ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕಿನ ಈಕ್ವಿಟಬಲ್ ಜೀವವಿಮಾ ಕಂಪನಿ ಗ್ರಾಹಕರಿಗೆ ಹೆಚ್ಚಿನ ಬಡ್ಡಿಯ ಖಾತರಿ ಕೊಟ್ಟಿತ್ತು. ಆ ಮಾತು ಉಳಿಸಿಕೊಳ್ಳಲು ಹೂಡಿದ ಹಣವೋ ಕಟ್ಟಡಗಳಲ್ಲಿ, ಅಪಾಯದ ಬಾಂಡುಗಳಲ್ಲಿ ಸಿಕ್ಕಿಬಿತ್ತು. 1991ರಲ್ಲಿ ಬೆಬೆಯಾರ್ ನೂರು ಕೋಟಿ ಡಾಲರ್ ಹೂಡಲು ಮುಂದಾದರು. ಪಾಲಿಸಿದಾರರ ಒಡೆತನದ ಆ ಸಂಸ್ಥೆ ಷೇರು ಕಂಪನಿಯಾಗಿ ಮಾರ್ಪಟ್ಟು ಚೇತರಿಸಿಕೊಂಡಿತು. ಬಳಿಕ, 1996ರ ಕೊನೆಗೆ, ಅಷ್ಟರಲ್ಲಿ ಖಾಸಗೀಕರಣಗೊಂಡಿದ್ದ ಫ್ರೆಂಚ್ ವಿಮಾ ಕಂಪನಿ ಯುಎಪಿಯ ಸರದಿ. ದಶಕಗಳ ಕಾಲ ಸರ್ಕಾರದ ಹೆಮ್ಮೆಯಾಗಿದ್ದ ಆ ದೈತ್ಯ, ರುಆನ್ ಸಂಘದ ವಾರಸುದಾರರ ಪಾಲಾಯಿತು. ಮುಂದೆ ಬೆಂಗಳೂರಿನಲ್ಲಿ ನೆಲೆಯೂರಿದ ಭಾರ್ತಿ ಆಕ್ಸಾ ಸಾಮಾನ್ಯ ವಿಮಾ ಕಂಪನಿಯ ಮೂಲಕ ಆಕ್ಸಾ ಹೆಸರು ನಮ್ಮ ವಾಹನಗಳ ವಿಮಾಪತ್ರಗಳ ಮೇಲೂ ಕಾಣಿಸಿತು.

2000ದಲ್ಲಿ ಆಂರಿ ದ ಕಾಸ್ತ್ರಿ ಅವರಿಗೆ ಆಡಳಿತ ಒಪ್ಪಿಸಿದ ಬೆಬೆಯಾರ್, ಅದೇ ವರ್ಷ ಸಾರ್ವಜನಿಕ ನೀತಿಯ ಚಿಂತನೆಗಾಗಿ ಮೋಂತೇಞ್ ಸಂಸ್ಥೆಯನ್ನು ಆರಂಭಿಸಿದರು. ವಲಸಿಗರ ಮಕ್ಕಳಿಗೆ ಹೆಸರಿನ ಕಾರಣಕ್ಕೇ ಕೆಲಸ ತಪ್ಪುತ್ತಿದೆ ಎಂಬ ಕಳವಳ ಅವರದು. ಅದಕ್ಕಾಗಿ 2004ರ ವರದಿಯಲ್ಲಿ ಅವರು ಕೊಟ್ಟ ಸಲಹೆ ನೇರವಾಗಿತ್ತು: ಉದ್ಯೋಗದ ಅರ್ಜಿಯಲ್ಲಿ ಅಭ್ಯರ್ಥಿಯ ಹೆಸರು, ಭಾವಚಿತ್ರ ಇರಬಾರದು, ಕಂಪನಿ ಅವರ ಅರ್ಹತೆಯನ್ನಷ್ಟೇ ನೋಡಬೇಕು.