ಎಂಬತ್ತು ರೂಪಾಯಿಯ ಸಾಲ



ಆರ್ಥಿಕ ಅನಿಶ್ಚಿತತೆಯ ಮಾತು ಬಂದೊಡನೆ ನಾವು ಸರಕಾರಿ ಅಧಿಕಾರಿಗಳು ಅಂಕಿ-ಅಂಶಗಳ ಮೊರೆಹೋಗುತ್ತೇವೆ. ಇಂದು ನನಗೆ ನೆನಪಾಗುತ್ತಿರುವುದು ಮಾತ್ರ ಒಂದು ಮಂಚ.

1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸತೊಡಗಿದರು. ಮಳೆಗಾಲ ಬಂತು, ಹಪ್ಪಳ ಒಣಗದೆ 4 ತಿಂಗಳು ಕೆಲಸ ನಿಂತಿತು. ಮರುವರ್ಷ ಅವರು ಒಂದು ಮಂಚವನ್ನೂ ಒಂದು ಸ್ಟೌವನ್ನೂ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಉರಿಯುವ ಸ್ಟೌ! ನಷ್ಟವಾದರೂ ದಾನ ಸ್ವೀಕರಿಸಕೂಡದೆಂದು ಆರಂಭದಲ್ಲಿಯೇ ನಿಶ್ಚಯಿಸಿದ್ದರು. ಲಾಭಕ್ಕೆಂತೋ ನಷ್ಟಕ್ಕೂ ಅಂತೆಯೇ ಸದಸ್ಯೆಯರೆಲ್ಲ ಪಾಲುದಾರರು. ಹೀಗೆ ಬೆಳೆದ ‘ಲಿಜ್ಜತ್’ನ ಸ್ಥಾಪಕಿಯರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು 2021ರಲ್ಲಿ, ಅಂದರೆ 62 ವರ್ಷಗಳ ಅನಂತರ. ನಮ್ಮ ಕಡತಗಳ ವೇಗ ತಮಗೆ ತಿಳಿದೇ ಇದೆ.

ದೊಡ್ಡ ಉದ್ಯಮದ ಸಂಕಟ ಬೇರೆ. 2019ರ ಜುಲೈಯಲ್ಲಿ ವಿ.ಜಿ. ಸಿದ್ಧಾರ್ಥ ಅವರು ತೀರಿಕೊಂಡಾಗ ಕಾಫಿ ಡೇ ಸಾಲದಲ್ಲಿ ಮುಳುಗಿತ್ತು. ಕೋವಿಡ್‌ನ ನಡುವೆ, 2020ರ ಡಿಸೆಂಬರಿನಲ್ಲಿ, ಪತ್ನಿ ಮಾಳವಿಕಾ ಹೆಗ್ಡೆಯವರು ಚುಕ್ಕಾಣಿ ಹಿಡಿದರು. ಸಾಲ ಬಹಳ ಇಳಿಯಿತು. ಆದರೂ ಸಾಲಿಗರ ವ್ಯಾಜ್ಯಗಳು ಬೆನ್ನು ಬಿಡಲಿಲ್ಲ. ಪವಾಡವೆಂದು ಹೊಗಳುವವರು ಈ ಭಾಗವನ್ನು ಹೇಳುವುದಿಲ್ಲ. ದೋಣಿಗೆ ನೀರು ನುಗ್ಗಿದ ಮೇಲೆಯೇ ಹುಟ್ಟನ್ನು ಹೆಣ್ಣಿನ ಕೈಗೆ ಕೊಡುವುದೇಕೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಸಂಘದಲ್ಲಿಯೂ ಮಹಿಳಾ ವಿಭಾಗಕ್ಕೆ ರಂಗೋಲಿ, ಊಟೋಪಚಾರ. ಕೋಶಾಧಿಕಾರಿಯ ಕೀಲಿಕೈ ಪುರುಷರಿಗೆ. ಕಟ್ಟಡ ನಿಧಿ ಕೊರತೆಯಲ್ಲಿದೆ. ಅದರ ಲೆಕ್ಕಪತ್ರವನ್ನು ಮಹಿಳಾ ವಿಭಾಗಕ್ಕೆ ಒಪ್ಪಿಸುವ ಠರಾವನ್ನು ಬರುವ ಮಹಾಸಭೆಯಲ್ಲಿ ನಾನು ಮಂಡಿಸಲಿದ್ದೇನೆ. ಅನುಮೋದಕರೊಬ್ಬರು ಬೇಕಾಗಿದ್ದಾರೆ.